ನಾಲ್ಕು ಬೆರಳಿನಷ್ಟು

ನಮ್ಮೂರಲ್ಲಿ ವಿಮಾನದ ಕೆಲಸ ಮಾಡುವವರ ಕಾಲು ನೆಲಕ್ಕೆ ತಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಎಲ್ಲೋ ಹೇಳಿದರೆ ಹೊರಗಿನವರು ಅದನ್ನೇ ಹಿಡಿದುಕೊಂಡು ಕೂತುಬಿಡುತ್ತಾರೆ, ಮುಂದಿನ ಮಾತು ಅವರ ಕಿವಿಗೆ ಬೀಳುವುದಿಲ್ಲ. ಕೆಲಸಕ್ಕೆ ಸೇರಿದ ಮೂರನೇ ತಿಂಗಳಿಗೆ ಕಾಲು ಏಳುತ್ತದೆ. ಸಾಮಾನು ಹೊರುವವರದು ಒಂದು ಬೆರಳು, ಕೌಂಟರಿನಲ್ಲಿ ಕೂತು ಟಿಕೆಟ್ ನೋಡುವವರದು ಎರಡು ಬೆರಳು, ನನ್ನಂಥ ಗಗನಸಖಿಯರದು ನಾಲ್ಕು ಬೆರಳು, ಪೈಲಟ್‌ಗಳದು ಸರಿಯಾಗಿ ಒಂದು ಗೇಣು. ಬೆರಳು ಅಂದರೆ ಅಡ್ಡ ಬೆರಳು. ಚಪ್ಪಲಿ ಹಾಕಿದರೆ ಚಪ್ಪಲಿಯೂ ಜೊತೆಗೆ ಏಳುತ್ತದೆ. ಟೈಲರ್ ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗುವುದಿಲ್ಲವೇ, ಇದೂ ಹಾಗೇ ಒಂದು.

ತೊಂದರೆಗಿಂತ ಅನುಕೂಲವೇ ಜಾಸ್ತಿ ಎಂದು ಊರಿನವರ ಅಭಿಪ್ರಾಯ. ನೆಲ ಒರೆಸಿದ ಕೂಡಲೇ ನಾವು ಓಡಾಡಬಹುದು. ಬಾಗಿಲ ಮುಂದಿನ ರಂಗೋಲಿ ಅಳಿಸುವುದಿಲ್ಲ, ಮಳೆ ಬಂದರೆ ಕೆಸರು ಮೆತ್ತುವುದಿಲ್ಲ. ಬೀದಿಯಲ್ಲಿ ಯಾರ ಮನೆಯ ಫ್ಯೂಸ್ ಹೋದರೂ "ಸುಲೋಚನಾ ಮನೇಲಿದ್ದಾಳಾ?" ಎಂದು ನಮ್ಮ ಮನೆಗೇ ಬರುತ್ತಿದ್ದರು, ನನಗೆ ಕರೆಂಟ್ ಹೊಡೆಯುವುದಿಲ್ಲ ಎಂದು. ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಅಲ್ಲಾಡುತ್ತಿರಲಿಲ್ಲ. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ "ಅಂದಾಜು ಐವತ್ತೆಂಟು" ಎಂದು ಬರೆಯುತ್ತಿದ್ದರು, ಅವರು ಹಾಗೆ ನೋಡುವುದು ನನಗೆ ಸ್ವಲ್ಪವೂ ಇಷ್ಟವಾಗುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಸಪ್ತಪದಿಯ ಅಕ್ಕಿಗುಪ್ಪೆ ನನ್ನ ಕಾಲಿಗೆ ಸಿಗದೆ ಪುರೋಹಿತರು ಪೇಚಾಡಿದರು. ಕಡೆಗೆ ನನ್ನ ಪಾಲಿನದನ್ನೂ ಗಂಡನ ಕೈಲೇ ತುಳಿಸಿ, "ನಡೆಯುತ್ತೆ ಬಿಡಿ" ಅಂದರು. ನಡೆಯಿತು.

ಆಗದೇ ಇದ್ದದ್ದು ಕೆಲವು. ಹೊಲಿಗೆ ಮೆಷಿನ್ ತುಳಿಯುವ ಹಾಗಿಲ್ಲ, ಕಾರು ಓಡಿಸುವ ಹಾಗಿಲ್ಲ. ಪಾದ ನೆಲದಿಂದ ನಾಲ್ಕು ಬೆರಳಿಗಿಂತ ಕೆಳಗೆ ಇಳಿಯುವುದಿಲ್ಲ ಅಂದರೆ ಇಳಿಯುವುದಿಲ್ಲ, ಬ್ರೇಕ್ ಅರ್ಧಕ್ಕೇ ನಿಂತುಹೋಗುತ್ತದೆ. ಅದಕ್ಕೇ ಕಂಪನಿಯ ವ್ಯಾನ್ ನಮ್ಮನ್ನು ಮನೆಯಿಂದ ಕರೆದುಕೊಂಡು ಹೋಗಿ ಮನೆಗೇ ತಂದು ಬಿಡುತ್ತಿತ್ತು. ಕಾಲು ಎದ್ದವರಿಗೆ ವಿಮಾನದ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ ಎಂದು ಊರಿನವರೆಲ್ಲ ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದೆವು. ಬೇರೆ ಥರ ಯೋಚನೆ ಮಾಡಬೇಕು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಆಮೇಲೆ ಆ ಕಾಯಿಲೆ ಬಂತು. ಎಲ್ಲ ಕಡೆ ಬಂದ ಹಾಗೆ ನಮ್ಮೂರಿಗೂ ಬಂತು. ವಿಮಾನ ನಿಲ್ಲಿಸುವ ಮೊದಲು ಕಡೇದಾಗಿ ಒಂದು ಹೊರಟಿತು, ಹೊರದೇಶದಲ್ಲಿ ಸಿಕ್ಕಿಹಾಕಿಕೊಂಡವರನ್ನು ಕರೆತರುವುದಕ್ಕೆ. ಅದರಲ್ಲಿ ನಾನಿದ್ದೆ. ಹದಿನಾಲ್ಕು ಗಂಟೆ ಪ್ಲಾಸ್ಟಿಕ್ ನಿಲುವಂಗಿಯೊಳಗೆ ಬೆಂದುಹೋದೆ. ಅರ್ಧ ಜನ ಕೆಮ್ಮುತ್ತಿದ್ದರು, ಇನ್ನರ್ಧ ಜನ ಅವರನ್ನು ಬಯ್ಯುತ್ತಿದ್ದರು. ಮಾಸ್ಕಿನ ಒಳಗಿದ್ದರೂ ನಗುಮುಖ ಇರಲಿ ಎಂದು ನಮಗೆ ಸೂಚನೆ ಇತ್ತು. ನಗುತ್ತಿದ್ದೆ, ಯಾರಿಗೆ ಕಾಣುತ್ತದೆ ಎಂದು ಕೇಳಲಿಲ್ಲ.

ಮನೆಗೆ ಬಂದವಳು ನೇರ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ಗಂಡ ಮುರಳೀಧರ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ, ಮಾತು ಕಮ್ಮಿ. ಹೊತ್ತು ಹೊತ್ತಿಗೆ ತಟ್ಟೆ ತಂದು ಬಾಗಿಲ ಹತ್ತಿರ ಇಟ್ಟು, ಎರಡು ಸಲ ಕೆಮ್ಮಿ ಹೋಗುತ್ತಿದ್ದರು. ಅವರ ಕೆಮ್ಮು ಕೇಳಿದಾಗಲೆಲ್ಲ ಎದೆ ಧಸಕ್ ಅನ್ನುತ್ತಿತ್ತು. "ಬೇರೆ ಏನಾದರೂ ಸದ್ದು ಮಾಡ್ರೀ" ಎಂದು ಒಳಗಿಂದ ಕೂಗಿ ಹೇಳಿದ ಮೇಲೆ ಚಮಚದಿಂದ ತಟ್ಟೆ ಬಡಿಯಲು ಶುರುಮಾಡಿದರು. ಒಂಬತ್ತನೇ ದಿನ ಕಂಪನಿಯಿಂದ ಫೋನಿಗೆ ಸಂದೇಶ ಬಂತು. ಮೂರು ಸಾಲು. ನಿಮ್ಮ ಸೇವೆಗೆ ವಂದನೆಗಳು. ಇಂದಿನಿಂದ ನಿಮ್ಮ ಅಗತ್ಯವಿರುವುದಿಲ್ಲ. ಗುರುತಿನ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವುದು. ಹದಿಮೂರು ವರ್ಷ ಕೆಲಸ ಮಾಡಿದ್ದೆ. ಹೆಸರು ಕೂಡ ಹಾಕಿರಲಿಲ್ಲ.

ಹೊಟ್ಟೆ ಹೇಗೆ ಉರಿಯಿತು ಎಂದು ಹೇಳಲಾರೆ. ಜ್ವರ ಬಂದಿದ್ದರೂ ಅಷ್ಟು ಸುಡುತ್ತಿರಲಿಲ್ಲ. ನನಗಾದದ್ದೇ ನೂರಾ ನಲವತ್ತು ಜನಕ್ಕೂ ಆಯಿತು, ಅದೇ ಮೂರು ಸಾಲು, ಒಂದು ಅಕ್ಷರ ಆಚೆ ಈಚೆ ಇಲ್ಲ.

ಕಾಲು ಒಂದೇ ದಿನಕ್ಕೆ ಇಳಿಯಲಿಲ್ಲ. ತಿಂಗಳಿಗೆ ಸುಮಾರು ಒಂದು ಬೆರಳಿನ ಲೆಕ್ಕದಲ್ಲಿ ಇಳಿಯಿತು. ಐದನೇ ತಿಂಗಳು ಒಂದು ಬೆಳಿಗ್ಗೆ ಹಾಲು ಕಾಯಿಸಲು ಅಡುಗೆಮನೆಗೆ ಹೋದವಳಿಗೆ ಅಂಗಾಲು ತಣ್ಣಗಾಯಿತು. ಏನಿದು ಎಂದು ನೋಡಿದರೆ ನೆಲ. ಹಾಲು ಉಕ್ಕಿಹೋಯಿತು, ನಾನು ಅಲ್ಲೇ ನಿಂತಿದ್ದೆ. ಎರಡೇ ತಿಂಗಳಲ್ಲಿ ಹಿಮ್ಮಡಿ ಒಡೆಯಿತು. ಮೂವತ್ತೇಳು ವರ್ಷದ ಹೆಂಗಸು ಒಡೆದ ಹಿಮ್ಮಡಿಯನ್ನು ಗಂಡನಿಗೆ ಹೆಮ್ಮೆಯಿಂದ ತೋರಿಸಿದ್ದು ಬೇರೆ ಯಾವ ಊರಲ್ಲೂ ಇರಲಿಕ್ಕಿಲ್ಲ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿ ಒಡೆದಿದೆ" ಅಂದರು.

ಆ ಹೊತ್ತಿಗೆ ಮೆಹರಕ್ಕ ಡ್ರೈವರ್ ಹುಡುಕುತ್ತಿದ್ದರು. ಮೆಹರುನ್ನಿಸಾ ಅಂತ ಪೂರ್ತಿ ಹೆಸರು, ಊರಿಗೆಲ್ಲ ಮೆಹರಕ್ಕ. ಮೂರು ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದಾರೆ. ನಮ್ಮೂರಿನ ನಲ್ಲಿ ನೀರು ಗುಡ್ಡದ ಬೀದಿಗೆ ಹತ್ತುವುದಿಲ್ಲ, ಅಲ್ಲಿನ ಇನ್ನೂರು ಮನೆಗೆ ಟ್ಯಾಂಕರೇ ಗತಿ. ಅವರ ಡ್ರೈವರ್ ಒಬ್ಬ ಕಾಯಿಲೆಗೆ ಹೆದರಿ ತನ್ನ ಊರಿಗೆ ಹೋದವನು ವಾಪಸ್ ಬರಲಿಲ್ಲ. ನಾನು ಹೋಗಿ ಕೇಳಿದೆ.

"ವಿಮಾನದಲ್ಲಿ ಏನು ಕೆಲಸ ಮಾಡ್ತಿದ್ದೆ?" ಅಂದರು.

"ಜನಕ್ಕೆ ನೀರು ಕೊಡ್ತಿದ್ದೆ."

"ಇಲ್ಲೂ ಅದೇ. ಕಾಲು ತೋರಿಸು."

ತೋರಿಸಿದೆ. ಹಿಮ್ಮಡಿ ನೋಡಿ ತಲೆಯಾಡಿಸಿ, ಅವತ್ತೇ ಸ್ಟಿಯರಿಂಗ್ ಹಿಂದೆ ಕೂರಿಸಿದರು. ಒಂದು ತಿಂಗಳು ಪಕ್ಕದಲ್ಲಿ ಕೂತು ಬಾಯಿಗೆ ಬಂದ ಹಾಗೆ ಬಯ್ದು ಕಲಿಸಿದರು. ಬ್ರೇಕ್ ಮೇಲೆ ಮೊದಲ ಸಲ ಪೂರ್ತಿ ಕಾಲೂರಿ ಒತ್ತಿದಾಗ, ಆರು ಸಾವಿರ ಲೀಟರ್ ನೀರು ನನ್ನ ಬೆನ್ನ ಹಿಂದೆ ಗುಡುಗಿದ ಹಾಗೆ ತುಳುಕಿ ನಿಂತಿತು. ಅಷ್ಟು ಭಾರ ನನ್ನ ಮಾತು ಕೇಳಿತಲ್ಲ ಎಂದು ಬಹಳ ಸಂತೋಷವಾಯಿತು. ವಿಮಾನದಲ್ಲಿ ಯಾವುದೂ ನನ್ನ ಮಾತು ಕೇಳುತ್ತಿರಲಿಲ್ಲ.

ಎರಡು ವರ್ಷ ಓಡಿಸಿದೆ. ಗುಡ್ಡದ ಬೀದಿಯ ಜನರಿಗೆ ನಾನು ಟ್ಯಾಂಕರ್ ಸುಲೋಚನಕ್ಕ. ಸಾಲು ತಪ್ಪಿಸಿ ಮುಂದೆ ನುಗ್ಗಿದವರಿಗೆ ನನ್ನ ಬಾಯಿ ಗೊತ್ತು. ಹದಿಮೂರು ವರ್ಷ ನುಂಗಿಕೊಂಡಿದ್ದ ಮಾತುಗಳೆಲ್ಲ ಅಲ್ಲಿ ಉಪಯೋಗಕ್ಕೆ ಬಂದವು. ನಾನು ಒಂದು ದಿನ ಬರದಿದ್ದರೆ ಆ ಬೀದಿಯಲ್ಲಿ ಅಕ್ಕಿ ತೊಳೆಯುವುದಕ್ಕೂ ನೀರಿಲ್ಲ, ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬೇರೆಯವರೂ ಸುಮ್ಮನೆ ಕೂತಿರಲಿಲ್ಲ. ಕೌಂಟರಿನ ರತ್ನಾಕರ ಜೆರಾಕ್ಸ್ ಅಂಗಡಿ ಇಟ್ಟ. ಸಾಮಾನು ಹೊರುತ್ತಿದ್ದವರು ಆರು ಜನ ಸೇರಿ ಮನೆ ಬದಲಾಯಿಸುವವರ ಮಂಚ ಬೀರು ಸಾಗಿಸತೊಡಗಿದರು. ಪೆಟ್ಟಿಗೆ ಎಸೆಯುವ ಅಭ್ಯಾಸ ಬಿಡಿಸಲು ಸ್ವಲ್ಪ ದಿನ ಹಿಡಿಯಿತಂತೆ. ಏನೂ ಮಾಡದೆ ಕಾದವರು ಒಬ್ಬರೇ, ಕ್ಯಾಪ್ಟನ್ ಲೋಬೊ. ಇಪ್ಪತ್ತೆರಡು ವರ್ಷ ಪೈಲಟ್ ಆಗಿದ್ದವರು, ನನ್ನ ಹಾರಾಟದಲ್ಲಿ ಅರ್ಧದಷ್ಟು ಅವರ ಜೊತೆಯೇ. ಅವರ ಮನೆ ಗುಡ್ಡದ ಬೀದಿಯ ತುದಿಯಲ್ಲಿದೆ. ಅವರ ಒಂದು ಗೇಣು ಪೂರ್ತಿ ಇಳಿಯಲು ಹನ್ನೆರಡು ತಿಂಗಳು ಹಿಡಿದಿತ್ತು. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊಡಗಳ ಸಾಲಿನ ಕಡೆಯಲ್ಲಿ ನಿಲ್ಲುತ್ತಿದ್ದರು. ಸರದಿ ಬಂದಾಗ, ವಿಮಾನ ಏಳುವ ಮೊದಲು ಹೇಳುತ್ತಿದ್ದ ಹಾಗೆ, "ಇವತ್ತು ಗಾಳಿ ಪಡುವಣದಿಂದ ಇದೆ, ವೇಗ ಹನ್ನೆರಡು ನಾಟ್" ಎಂದು ಹೇಳಿ ನೀರು ಹಿಡಿದುಕೊಂಡು ಹೋಗುತ್ತಿದ್ದರು. ನಾನು "ಆಯ್ತು ಕ್ಯಾಪ್ಟನ್" ಅನ್ನುತ್ತಿದ್ದೆ.

ಹೀಗಿರುವಾಗ ಕಂಪನಿಯ ಪತ್ರ ಬಂತು. ಈ ಸಲ ಕಾಗದದಲ್ಲಿ, ಹೆಸರು ಹಾಕಿ. ವಿಮಾನ ಮತ್ತೆ ಶುರುವಾಗುತ್ತಿದೆ, ಒಮ್ಮೆ ಎದ್ದಿದ್ದ ಕಾಲು ಕರೆ ಬಂದರೆ ವಾರದೊಳಗೇ ಮತ್ತೆ ಏಳುತ್ತದೆ, ಶನಿವಾರ ಬೆಳಿಗ್ಗೆ ಹಳೆಯ ಸಿಬ್ಬಂದಿಗೆ ಅಳತೆ ಇದೆ, ಕಾಲು ಎದ್ದವರನ್ನು ವಾಪಸ್ ತೆಗೆದುಕೊಳ್ಳುತ್ತೇವೆ, ಏಳದವರು ಮತ್ತೆ ಬರುವುದು ಬೇಡ. ಊರಿನಲ್ಲಿ ಮೂರು ದಿನ ಅದೇ ಮಾತು. ನಾನು ಜೆರಾಕ್ಸ್ ಅಂಗಡಿಯ ಮುಂದೆ ಟ್ಯಾಂಕರ್ ನಿಲ್ಲಿಸಿದಾಗ ರತ್ನಾಕರ ಹೊರಗೆ ಬಂದು, "ನಾನಂತೂ ಹೋಗಲ್ಲ ಸುಲೋಚನಾ. ಸಂಬಳ ಅರ್ಧ ಅಂತೆ, ಅದು ಹಾಳಾಗಿ ಹೋಗಲಿ. ನಾಳೆ ಯಾರೋ ಎಲ್ಲೋ ಕೆಮ್ಮಿದರೆ ಮತ್ತೆ ಮೂರು ಸಾಲು ಕಳಿಸ್ತಾರೆ. ಈ ಮೆಷಿನ್ ಕೆಟ್ಟರೆ ಕೆಟ್ಟಿದೆ ಅಂತಾದರೂ ಹೇಳುತ್ತೆ" ಅಂದ. ಹೆಚ್ಚು ಕಡಿಮೆ ಎಲ್ಲರ ಮಾತೂ ಅದೇ. ಒಬ್ಬಳಿಗೆ ಮಗುವಿನ ಹಲ್ಲು ಬಂದದ್ದನ್ನು ತಾನೇ ಕಂಡ ಮೇಲೆ ಬಿಟ್ಟುಹೋಗಲು ಮನಸ್ಸಿಲ್ಲ. ಇನ್ನೊಬ್ಬನಿಗೆ ಮುಚ್ಚಿದ ಜಾಗದಲ್ಲಿ ಇನ್ನೂರು ಜನರ ಉಸಿರು ಎಂದರೇ ಭಯ. ನಾನು ಪತ್ರವನ್ನು ಮಡಚಿ ಟ್ಯಾಂಕರಿನ ಸೀಟಿನ ಕೆಳಗೆ ಹಾಕಿದೆ. ನನಗೆ ಅದರ ಅಗತ್ಯವಿರಲಿಲ್ಲ, ಕೆಲಸ ಇತ್ತು.

ಮಂಗಳವಾರ ಸ್ನಾನದ ಮನೆಯಲ್ಲಿ ನೀರು ಸುರಿದುಕೊಂಡಾಗ ಅದು ನನ್ನ ಅಂಗಾಲಿನ ಕೆಳಗೆ ಹರಿದುಹೋಯಿತು. ಪಾದದ ಸುತ್ತ ಅಲ್ಲ, ಕೆಳಗೆ. ಬಗ್ಗಿ ಬೆರಳು ತೂರಿಸಿದೆ, ತೂರಿತು. ಯಾರಿಗೂ ಹೇಳಲಿಲ್ಲ. ಅವತ್ತು ಬ್ರೇಕ್ ಸ್ವಲ್ಪ ಎಳೆದಂತೆ ಹಿಡಿಯಿತು, ಅಷ್ಟೇ. ಬುಧವಾರ ಎರಡು ಬೆರಳಾಯಿತು, ಹ್ಯಾಂಡ್‌ಬ್ರೇಕ್ ಸೇರಿಸಿಕೊಂಡು ಹೇಗೋ ಸಂಭಾಳಿಸಿದೆ. ಬೇರೆ ಯಾರ ಕಾಲು ಬೇಕಾದರೂ ಏಳಲಿ, ನನ್ನದೇ ಏಳಬೇಕಿತ್ತೇ ಎಂದು ನನ್ನ ಕಾಲಿನ ಮೇಲೇ ಸಿಟ್ಟು ಬಂತು.

ಗುರುವಾರ ಗುಡ್ಡದ ಬೀದಿಯ ಇಳಿಜಾರಿನಲ್ಲಿ, ಕೊಡಗಳ ಸಾಲು ಇರುವಲ್ಲಿ, ನಾನು ಬ್ರೇಕ್ ಒತ್ತಿದರೆ ಪಾದ ಅರ್ಧಕ್ಕೇ ನಿಂತಿತು. ಗಾಜಿನಲ್ಲಿ ಕೊಡಗಳು ಹತ್ತಿರ ಬರುತ್ತಿದ್ದುದು ಕಾಣುತ್ತಿತ್ತು. ಹಾರ್ನ್ ಮೇಲೆ ಕೈ ಇಟ್ಟು, ಇನ್ನೊಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ಗೋಡೆಯ ಕಡೆ ತಿರುಗಿಸಿದೆ. ಕಾಂಪೌಂಡ್ ಗೋಡೆ ಬಿತ್ತು, ಒಂಬತ್ತು ಕೊಡ ಹಪ್ಪಳವಾದವು. ಸಾಲಿನ ಮುಂದೆ ಮೊಣಕಾಲು ನೋವಿನ ಸಾವಂತ್ರಜ್ಜಿ ನಿಂತಿದ್ದಳು. ಸಾಲಿನ ಕಡೆಯಿಂದ ಓಡಿಬಂದ ಕ್ಯಾಪ್ಟನ್ ಲೋಬೊ ಅವಳನ್ನು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಿದ್ದರು. ಇಲ್ಲದಿದ್ದರೆ ಅಜ್ಜಿ ಇರುತ್ತಿರಲಿಲ್ಲ. ನಾನು ಟ್ಯಾಂಕರಿಂದ ಇಳಿದು ಅಜ್ಜಿಯ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡೆ. ಕ್ಯಾಪ್ಟನ್ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಉರುಳಿಹೋಗಿದ್ದ ಕೊಡಗಳನ್ನು ಹೆಕ್ಕಲು ಹೋದರು.

ಮೆಹರಕ್ಕ ಶೆಡ್ಡಿನಲ್ಲಿ ಕಾಯುತ್ತಿದ್ದರು. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಬ್ರೇಕ್ ಹಿಡೀಲಿಲ್ಲ ಮೆಹರಕ್ಕ" ಅಂದೆ.

ಅವರು ಟ್ಯಾಂಕರ್ ಹತ್ತಿ ಬ್ರೇಕ್ ತುಳಿದು ನೋಡಿ ಇಳಿದು ಬಂದರು. "ಬ್ರೇಕ್ ಸರಿಯಾಗಿದೆ. ಚಪ್ಪಲಿ ಬಿಡು."

ಬಿಟ್ಟೆ. ಅವರು ಸೊಂಟ ಹಿಡಿದುಕೊಂಡು ಬಗ್ಗಿ ತಮ್ಮ ಅಂಗೈಯನ್ನು ನನ್ನ ಪಾದದ ಕೆಳಗೆ ತೂರಿಸಿದರು. ಬಳೆ ಸಮೇತ ಆಚೆ ಹೋಯಿತು. ಎದ್ದು ನಿಂತು ಕೈ ಚಾಚಿದರು.

"ಚಾವಿ ಕೊಡು."

"ಮೆಹರಕ್ಕ, ನಾನು ಬೇಕು ಅಂತ ಮಾಡಿದ್ದಲ್ಲ."

"ಗೊತ್ತು. ನಿನ್ನ ಮೇಲೆ ಕೋಪ ಇಲ್ಲ ನನಗೆ. ಕೊಡ ಒಡೆದರೆ ತಂದುಕೊಡ್ತೀನಿ. ಅಜ್ಜಿಗೆ ಏನಾದರೂ ಆಗಿದ್ದರೆ ಏನು ತಂದುಕೊಡಲಿ?"

ಚಾವಿ ಕೊಟ್ಟೆ. ಮನೆಗೆ ನಡೆದುಕೊಂಡು ಬರುವಾಗ ರಸ್ತೆಯ ಧೂಳು ಕಾಲಿಗೆ ಹತ್ತಲಿಲ್ಲ. ಅಳುತ್ತಲೇ ಬಂದೆ, ಯಾರು ನೋಡಿದರೂ ನೋಡಲಿ ಎಂದು.

ಮುರಳಿ ಎಲ್ಲ ಕೇಳಿಸಿಕೊಂಡು, ಎದ್ದು ಪಕ್ಕದ ತರಕಾರಿಯವನ ಹತ್ತಿರ ಹೋಗಿ ತೂಕದ ಕಲ್ಲುಗಳನ್ನು ಕೇಳಿ ತಂದರು. ಎರಡು ಕಿಲೋದ್ದು ಒಂದೊಂದು ಕಾಲಿಗೆ ಕಟ್ಟಿದರು. ಕಾಲಿನ ಜೊತೆ ಕಲ್ಲೂ ಎದ್ದಿತು. ಐದು ಕಿಲೋದ್ದು ಕಟ್ಟಿದರು, ಅದೂ ಎದ್ದಿತು. ಇಸ್ತ್ರಿಪೆಟ್ಟಿಗೆ ಕಟ್ಟಿದರು. ಮರಳಿನ ಚೀಲ ಕಟ್ಟಿದರು. ಶುಕ್ರವಾರ ಮಧ್ಯಾಹ್ನ ಕಚೇರಿಯಿಂದ ರಜ ಹಾಕಿ ಬಂದು, ಎತ್ತರದ ಅಟ್ಟೆಯಿರುವ ಬೂಟನ್ನು ಯಾರಿಂದಲೋ ಎರವಲು ತಂದು ಹಾಕಿಸಿದರು. ಬೂಟು ನೆಲದಿಂದ ಮೂರುಮುಕ್ಕಾಲು ಬೆರಳು ಎತ್ತರದಲ್ಲಿ ನಿಂತು ನಮ್ಮನ್ನು ನೋಡಿತು. ನಮ್ಮೂರಲ್ಲಿ ಅಜ್ಜಂದಿರ ಕಾಲದಿಂದ ಎಲ್ಲರೂ ಮಾಡಿ ಸೋತದ್ದನ್ನೇ ನಾವೂ ಮಾಡಿ ಸೋತೆವು.

ಕಡೆಗೆ ಅವರು ಹಗ್ಗ ಸುತ್ತಿಡುತ್ತಾ, "ಹೋಗಿಬಿಡು ಸುಲು. ಕಾಲೇ ಹೇಳ್ತಿದೆಯಲ್ಲ" ಅಂದರು.

"ಕಾಲು ಹೇಳಿದ ಹಾಗೆ ಕೇಳೋದಾದರೆ ತಲೆ ಯಾಕ್ರೀ ಇರೋದು?"

"ನಿನಗೆ ಒಳಗೊಳಗೆ ಆಸೆ ಇಲ್ಲದಿದ್ದರೆ ಅದು ಏಳ್ತಿರಲಿಲ್ಲವೇನೋ."

"ಆಸೆ ಇದೆ. ಯಾರು ಇಲ್ಲ ಅಂದರು?" ಅಂದುಬಿಟ್ಟೆ. ಅಷ್ಟು ಹೊತ್ತು ನನಗೂ ಗೊತ್ತಿರಲಿಲ್ಲ. "ಚಕ್ರ ನೆಲ ಬಿಡುತ್ತಲ್ಲ, ಆಗ ಹೊಟ್ಟೆ ಒಂದು ಸಲ ಹಗುರ ಆಗುತ್ತೆ. ಅದು ನನಗೆ ಬೇಕು. ಹದಿಮೂರು ವರ್ಷ ದಿನಾ ಆಗ್ತಿತ್ತು, ಒಂದು ದಿನವೂ ಬೇಜಾರಾಗಿಲ್ಲ. ವಿಮಾನದ ಮೇಲೆ ಆಸೆ ಇದೆ ರೀ, ಅವರ ಮೇಲೆ ಇಲ್ಲ. ನಾನು ಸಾಮಾನಿನ ಕೋಣೆಯಲ್ಲಿ ಕೂತಿದ್ದಾಗ ಅವರು ನನ್ನನ್ನು ಕೈಬಿಟ್ಟರು. ಸತ್ತಿದ್ದೀಯಾ ಬದುಕಿದ್ದೀಯಾ ಅಂತ ಕೇಳಲಿಲ್ಲ. ಎರಡೂ ಬೇರೆ ಬೇರೆ ಅನ್ನೋದು ಈ ಕಾಲಿಗೆ ಗೊತ್ತಾಗಲ್ಲ."

ಮುರಳಿ ಎದ್ದು ಕಾಫಿ ಮಾಡಿ ತಂದುಕೊಟ್ಟರು. ಅದರಲ್ಲಿ ಸಕ್ಕರೆ ಇರಲಿಲ್ಲ, ಹಾಗೇ ಕುಡಿದೆ.

ಶನಿವಾರ ಅಳತೆಗೆ ಹೋದೆ. ಟ್ಯಾಂಕರ್ ಇಲ್ಲದ ಮೇಲೆ ಮನೆಯಲ್ಲಿ ಕೂತು ಏನು ಮಾಡಲಿ. ನೂರಾ ನಲವತ್ತು ಜನರಲ್ಲಿ ಬಂದಿದ್ದವರು ಹತ್ತೊಂಬತ್ತು. ಅಳೆಯುವವರು ಮೊದಲಿನ ವಿರೂಪಾಕ್ಷಿಯೇ, ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಅವರ ಹತ್ತಿರ ಒಂದೊಂದು ಬೆರಳು ದಪ್ಪದ ಮರದ ಪಟ್ಟಿಗಳ ಒಂದು ಕಟ್ಟು ಇದೆ. ಒಂದರ ಮೇಲೊಂದು ಇಟ್ಟು ಪಾದದ ಕೆಳಗೆ ತೂರಿಸುತ್ತಾರೆ, ಎಷ್ಟು ಪಟ್ಟಿ ಹೋಯಿತೋ ಅಷ್ಟು ಬರೆಯುತ್ತಾರೆ. ಪಕ್ಕದಲ್ಲಿ ಹೊರಗಿನಿಂದ ಬಂದ ಎಳೆಯ ಅಧಿಕಾರಿ ಟೈ ಕಟ್ಟಿಕೊಂಡು ಕೂತಿದ್ದ.

ಮೊದಲು ಕ್ಯಾಪ್ಟನ್ ಲೋಬೊ. ಪೂರ್ತಿ ಸಮವಸ್ತ್ರದಲ್ಲಿ, ಟೊಪ್ಪಿ ಸಮೇತ ಬಂದಿದ್ದರು. ಬೂಟು ಕಾಲುಚೀಲ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟು ನೆಟ್ಟಗೆ ನಿಂತರು. ವಿರೂಪಾಕ್ಷಿ ಒಂದು ಪಟ್ಟಿ ತೂರಿಸಲು ನೋಡಿದರು, ಹೋಗಲಿಲ್ಲ. ಮರದ ತೆಳು ಚಕ್ಕೆಯೊಂದನ್ನು ತೆಗೆದರು, ಅದೂ ಹೋಗಲಿಲ್ಲ.

"ಇನ್ನೊಂದು ಸಲ ನೋಡಿ" ಅಂದರು ಕ್ಯಾಪ್ಟನ್.

ವಿರೂಪಾಕ್ಷಿ ಪಟ್ಟಿ ಬಿಟ್ಟು, ಅಳತೆ ಬರೆಯುವ ಹಾಳೆಯನ್ನೇ ತೆಗೆದುಕೊಂಡು ಮಂಡಿಯೂರಿ, ಅದರ ಅಂಚನ್ನು ಹಿಮ್ಮಡಿಯ ಹತ್ತಿರ, ಹೆಬ್ಬೆರಳಿನ ಹತ್ತಿರ, ಎಲ್ಲ ಕಡೆ ಇಟ್ಟು ನೋಡಿದರು. ಹಾಳೆಯ ಮೂಲೆ ಮಡಚಿತು. ಅವರು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದು ಅದೇ ಹಾಳೆಯ ಮೇಲೆ ಸೊನ್ನೆ ಬರೆದರು. ಕ್ಯಾಪ್ಟನ್ "ಥ್ಯಾಂಕ್ಯೂ ವಿರೂಪಾಕ್ಷಿ" ಎಂದು ಹೇಳಿ, ಕಾಲುಚೀಲ ಹಾಕಿಕೊಂಡು, ಬೂಟಿನ ದಾರ ಕಟ್ಟಿಕೊಂಡು ಹೊರಗೆ ಹೋದರು. ದಾರ ಕಟ್ಟಲು ಅವರಿಗೆ ಮೂರು ಸಲ ಬೇಕಾಯಿತು. ನಾವು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆವು.

ನನ್ನ ಕಾಲ ಕೆಳಗೆ ನಾಲ್ಕು ಪಟ್ಟಿ ಆರಾಮವಾಗಿ ಹೋದವು. ಅಧಿಕಾರಿ ಎದ್ದು ಕೈಕುಲುಕಿ, "ಕಂಗ್ರಾಜುಲೇಷನ್ಸ್ ಮೇಡಂ. ಇಲ್ಲೊಂದು ಸಹಿ" ಅಂದ.

"ಮತ್ತೆ ಕಾಯಿಲೆ ಬಂದರೆ ಏನು ಮಾಡ್ತೀರಿ?" ಅಂದೆ.

"ಅದು ಮೇಲಿನವರ ತೀರ್ಮಾನ ಮೇಡಂ."

"ಈ ಸಲ ಎಷ್ಟು ಸಾಲು ಬರೀತೀರಿ?"

ಅವನಿಗೆ ಅರ್ಥವಾಗಲಿಲ್ಲ. ಪಾಪ, ಆಗ ಅವನು ಕಂಪನಿಯಲ್ಲಿ ಇರಲೇ ಇಲ್ಲ. ಸೋಮವಾರ ಸಂಜೆಯೊಳಗೆ ಸಹಿ ಮಾಡಿ ತಂದುಕೊಡಿ ಎಂದು ಕಾಗದ ಕೊಟ್ಟು ಕಳಿಸಿದ. ವಿರೂಪಾಕ್ಷಿ ಬಾಗಿಲವರೆಗೆ ಬಂದು, "ಮಾಡಿಬಿಡಿ ಮೇಡಂ, ಕಾಲು ಎದ್ದ ಮೇಲೆ ಇನ್ನೇನು ಮಾಡೋಕಾಗುತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಭಾನುವಾರ ಆ ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಗುಡ್ಡದ ಬೀದಿಗೆ ಮೂರು ದಿನದಿಂದ ನೀರು ಹೋಗಿಲ್ಲ, ಸೊಂಟನೋವಿನ ಮೆಹರಕ್ಕನಿಗೆ ಗಾಡಿ ಓಡಿಸಲಾಗದು, ಇನ್ನೆರಡು ಟ್ಯಾಂಕರಿನ ಡ್ರೈವರುಗಳು ಆ ಇಳಿಜಾರಿಗೆ ಬರುವುದಿಲ್ಲ ಎಂದಿದ್ದಾರೆ ಎಂದು ಸುದ್ದಿ ಬಂತು. ಜನ ಎರಡು ಮೈಲಿ ಕೆಳಗಿಳಿದು ಹೊತ್ತು ತರುತ್ತಿದ್ದರಂತೆ. ಸಾವಂತ್ರಜ್ಜಿ ಹೇಗೆ ಇಳಿಯುತ್ತಾಳೆ ಎಂದು ಯೋಚಿಸಿದೆ. ಪೆನ್ನು ತೆಗೆದೆ, ಮುಚ್ಚಿದೆ, ತೆಗೆದೆ. ಸಹಿ ಹಾಕಿದರೆ ಅವರ ಕೈಗೆ ಮತ್ತೆ ನನ್ನ ಜುಟ್ಟು, ಹಾಕದಿದ್ದರೆ ಮನೆಯಲ್ಲಿ ಕೂತು ನಾಲ್ಕು ಬೆರಳು ಮೇಲೆ ಓಡಾಡಿಕೊಂಡಿರಬೇಕು. ಮೂರನೇ ದಾರಿ ನನಗೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕ್ಯಾಪ್ಟನ್ ಲೋಬೊ ನಮ್ಮ ಮನೆಗೆ ಬಂದರು. ಅಷ್ಟು ವರ್ಷದ ಪರಿಚಯದಲ್ಲಿ ಅದೇ ಮೊದಲ ಸಲ. ಕೈಯಲ್ಲಿ ಬಟ್ಟೆಯ ಚೀಲ. ಕೂರಿ ಅಂದರೆ ಕೂರಲಿಲ್ಲ.

"ಸುಲೋಚನಾ, ನಾನು ವಿಮಾನವನ್ನು ಇಪ್ಪತ್ತೆರಡು ವರ್ಷ ಹೇಗೆ ನಿಲ್ಲಿಸ್ತಿದ್ದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ?"

"ಬ್ರೇಕ್ ಒತ್ತಿ" ಅಂದೆ.

"ಯಾವುದರಲ್ಲಿ ಒತ್ತಿ?"

"ಕಾಲಲ್ಲಿ." ಹೇಳಿದ ಮೇಲೆ ತಪ್ಪು ಹೊಳೆಯಿತು. ಆಗೆಲ್ಲ ಅವರ ಕಾಲು ನೆಲದಿಂದ ಒಂದು ಗೇಣು ಮೇಲಿತ್ತು. ಹದಿಮೂರು ವರ್ಷ ಅವರ ಬೆನ್ನ ಹಿಂದಿನ ಬಾಗಿಲಾಚೆ ಕಾಫಿ ಹಿಡಿದು ನಿಂತವಳು ನಾನು. ಬಾಗಿಲು ಮುಚ್ಚಿರುತ್ತಿತ್ತು. ಒಂದು ದಿನವೂ ಇದು ನನ್ನ ತಲೆಗೆ ಬಂದಿರಲಿಲ್ಲ.

ಅವರು ಚೀಲದಿಂದ ಮೂರು ಮರದ ತುಂಡುಗಳನ್ನು ತೆಗೆದು ಮೇಜಿನ ಮೇಲೆ, ಸಹಿಯಾಗದ ಕಾಗದದ ಪಕ್ಕ ಇಟ್ಟರು. ಹಲಸಿನ ಮರ. ಒಂದು ಬದಿ ಪಾದ ಒತ್ತಿ ಒತ್ತಿ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು, ಅಂಚಿನಲ್ಲಿ ಚರ್ಮದ ಪಟ್ಟಿಗಳಿದ್ದವು. "ಎಲ್ಲ ಪೈಲಟ್‌ಗಳ ಹತ್ತಿರವೂ ಇತ್ತು. ಎರಡು ಉಪಯೋಗಕ್ಕೆ, ಒಂದು ಹೆಚ್ಚಿಗೆ. ಪೆಡಲಿಗೆ ಕಟ್ಟೋದು. ಯಾರಿಗೂ ಹೇಳಬಾರದು ಅಂತ ಕಂಪನಿ ಕಟ್ಟುನಿಟ್ಟು ಮಾಡಿತ್ತು. ವಿಮಾನ ಹಲಸಿನ ತುಂಡಿನ ಮೇಲೆ ನಿಲ್ಲುತ್ತೆ ಅಂತ ಗೊತ್ತಾದರೆ ಯಾರು ಹತ್ತುತ್ತಾರೆ? ನಮಗೂ ಹೇಳಿಕೊಳ್ಳೋಕೆ ನಾಚಿಕೆ."

ಮುರಳಿ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನಾನು ಕಾಲಿಗೆ ಕಟ್ಟಿದೆ" ಅಂದರು, ತಪ್ಪೊಪ್ಪಿಕೊಳ್ಳುವವರ ಹಾಗೆ.

"ಎಲ್ಲರೂ ಕಾಲಿಗೇ ಕಟ್ಟೋದು. ಕಾಲಿಗೆ ಕಟ್ಟಿದ್ದು ಕಾಲಿನ ಜೊತೆ ಏಳುತ್ತೆ. ಪೆಡಲಿಗೆ ಕಟ್ಟಿದ್ದು ಅಲ್ಲೇ ಇರುತ್ತೆ" ಅಂದರು ಕ್ಯಾಪ್ಟನ್.

ಮೂರೂ ಜನ ಶೆಡ್ಡಿಗೆ ಹೋದೆವು. ಮೆಹರಕ್ಕ ತುಂಡುಗಳನ್ನು ನೋಡಿದರು, ನನ್ನ ಕಾಲು ನೋಡಿದರು, ಕ್ಯಾಪ್ಟನ್ ಟ್ಯಾಂಕರಿನೊಳಗೆ ಮಲಗಿಕೊಂಡು ಬ್ರೇಕಿಗೂ ಕ್ಲಚ್ಚಿಗೂ ಪಟ್ಟಿ ಬಿಗಿಯುವುದನ್ನು ನೋಡಿದರು. ಮೂರನೆಯದನ್ನು ಅವರು ಆಕ್ಸಿಲರೇಟರಿಗೆ ಕಟ್ಟಿದರು. ಮೆಹರಕ್ಕ ಟ್ಯಾಂಕರಿನ ಚಾವಿ ನನ್ನ ಕೈಗೆ ಹಾಕಿ, ಶೆಡ್ಡಿನ ಹಿಂದಿನ ಇಳಿಜಾರಿನ ಬುಡಕ್ಕೆ ಹೋಗಿ, ಸೆರಗು ಸಿಕ್ಕಿಸಿ, ಸೊಂಟದ ಮೇಲೆ ಕೈ ಇಟ್ಟು ದಾರಿಯ ನಡುವೆ ನಿಂತರು.

"ಪಕ್ಕಕ್ಕೆ ಬನ್ನಿ ಮೆಹರಕ್ಕ" ಅಂತ ಕೂಗಿದೆ.

"ಜನರ ಮುಂದೆ ಆಮೇಲೆ ನಿಲ್ಲಿಸುವೆಯಂತೆ. ಮೊದಲು ನನ್ನ ಮುಂದೆ ನಿಲ್ಲಿಸು."

ತುಂಬಿದ ಟ್ಯಾಂಕರ್. ನಾನು ಇಳಿಜಾರಿಗೆ ಬಿಟ್ಟೆ. ಪಕ್ಕದಲ್ಲಿ ಕೂತ ಕ್ಯಾಪ್ಟನ್, ಮೊದಲು ವಿಮಾನ ಇಳಿಸುವಾಗ ಮಾತಾಡುತ್ತಿದ್ದ ದನಿಯಲ್ಲಿ, "ಈಗಲೇ ಬೇಡ. ಈಗಲೇ ಬೇಡ. ಈಗ ನಿಧಾನವಾಗಿ" ಅಂದರು. ಒತ್ತಿದೆ. ಪಾದ ನಾಲ್ಕು ಬೆರಳಿನ ಎತ್ತರದಲ್ಲಿ ನಿಂತಿತು, ಬ್ರೇಕ್ ಬುಡದವರೆಗೆ ಹೋಯಿತು. ನೀರು ಮುಂದಕ್ಕೂ ಹಿಂದಕ್ಕೂ ತುಳುಕಿ ಸುಮ್ಮನಾಯಿತು. ಬಂಪರಿಗೂ ಮೆಹರಕ್ಕನ ಸೀರೆಯ ನೆರಿಗೆಗೂ ನಡುವೆ ಒಂದು ಮೊಳ ಇತ್ತು. ಅವರು ಅದನ್ನು ಒಮ್ಮೆ ನೋಡಿ, ಮಡಿಲಿನಿಂದ ಡೀಸೆಲ್ ಮುಚ್ಚಳದ ಚಾವಿಯನ್ನೂ ತೆಗೆದು ಕಿಟಕಿಯಲ್ಲಿ ಕೊಟ್ಟರು. "ಗುಡ್ಡದ ಬೀದಿಗೆ ಎರಡು ಸುತ್ತು ಹೊಡಿ, ನಾಲ್ಕು ದಿನದ ಬಾಕಿ ಇದೆ" ಅಂದರು.

ಸಂಜೆ ಆ ಕಾಗದವನ್ನು ಸಹಿ ಇಲ್ಲದೆ ವಾಪಸ್ ಕಳಿಸಿದೆ. ಮುರಳಿ ಅದರ ಹಿಂದೆ ಮೂರು ಸಾಲು ಬರೆದುಕೊಡಲೇ ಎಂದು ಕೇಳಿದರು, ಬೇಡ ಅಂದೆ. ಇವತ್ತಿಗೂ ನನ್ನ ಕಾಲು ನಾಲ್ಕು ಬೆರಳು ಮೇಲೇ ಇದೆ, ಸುಳ್ಳು ಯಾಕೆ ಹೇಳಲಿ. ವಿಮಾನ ಏಳುವ ಹೊತ್ತಿಗೆ ಟ್ಯಾಂಕರ್ ಎಲ್ಲಿದ್ದರೂ ಒಂದು ನಿಮಿಷ ನಿಲ್ಲಿಸಿ ತಲೆಯೆತ್ತಿ ನೋಡುತ್ತೇನೆ. ಹಿಂದೆ ಬಂದ ಗಾಡಿಯವರು ಹಾರ್ನ್ ಹೊಡೆದರೆ ಬಯ್ದು ಮುಂದೆ ಹೋಗುತ್ತೇನೆ. ಈಗ ಊರಿನಲ್ಲಿ ಕಾಲು ಎದ್ದವರು ಹೊಲಿಗೆ ಮೆಷಿನ್ ತುಳಿಯುತ್ತಿದ್ದಾರೆ, ಒಬ್ಬಳು ಶಾಲೆಯ ವ್ಯಾನ್ ಓಡಿಸುತ್ತಿದ್ದಾಳೆ. ಬಡಗಿಗಳ ಹತ್ತಿರ ಹಲಸಿನ ತುಂಡು ಸಿಗುವುದಿಲ್ಲ.

ಆ ಸೋಮವಾರದ ಒಂದು ಮಾತು ಬಾಕಿ ಇದೆ. ಮೊದಲ ಸುತ್ತಿನಲ್ಲಿ ಕ್ಯಾಪ್ಟನ್ ನನ್ನ ಜೊತೆಯೇ ಗುಡ್ಡದ ಬೀದಿಗೆ ಬಂದರು. ಇಳಿಜಾರಿನಲ್ಲಿ ಟ್ಯಾಂಕರ್ ಹೇಳಿದಲ್ಲಿ ನಿಂತಿತು. ಜನ ಕೊಡ ಹಿಡಿದು ಓಡಿ ಬರುತ್ತಿದ್ದರು. ನಾನು ಇಳಿಯುವ ಮೊದಲು ಬಗ್ಗಿ ಪಟ್ಟಿ ಸಡಿಲಾಗಿದೆಯೇ ಎಂದು ನೋಡಿದೆ. ಮೂರೂ ತುಂಡುಗಳ ಒಂದು ಬದಿ ಹೊಸದಾಗಿ ಕೊಯ್ದ ಹಾಗೆ ಹಳದಿಯಾಗಿತ್ತು, ಮೇಲಿನ ನುಣುಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೈ ಇಟ್ಟು ನೋಡಿದೆ, ಸರಿಯಾಗಿ ನಾಲ್ಕು ಬೆರಳು.

"ಕ್ಯಾಪ್ಟನ್, ನಿಮ್ಮದು ಒಂದು ಗೇಣು ಇತ್ತಲ್ಲ" ಅಂದೆ.

"ಇತ್ತು."

"ಇದು ನಾಲ್ಕು ಬೆರಳೇ ಇದೆ."

"ನಿನ್ನೆ ಇಡೀ ದಿನ ಕೂತು ಕೊಯ್ದೆ. ಹಲಸು ಬೇಗ ಬಿಡಲ್ಲ."

"ನಾಳೆ ನಿಮ್ಮ ಕಾಲು ಮತ್ತೆ ಎದ್ದರೆ ಏನು ಮಾಡ್ತೀರಿ?" ಅಂದೆ.

ಅವರು ಬಾಗಿಲು ತೆಗೆದು ಕೆಳಗಿಳಿದು, ಪ್ಯಾಂಟಿಗೆ ಅಂಟಿದ್ದ ಮರದ ಪುಡಿಯನ್ನು ಕೊಡವಿಕೊಂಡರು.

"ಮತ್ತೆ ಕಾಯುತ್ತಾ ಕೂರಬಾರದಲ್ಲ, ಅದಕ್ಕೇ ಕೊಯ್ದದ್ದು" ಅಂದರು.